ಜೋಸಾಯನ ಉರುಳಿನ ಡಬ್ಬಿ

ಅಕ್ಟೋಬರ್ 20

ಇವತ್ತು ಬೆಳಿಗ್ಗೆ ಜೋಸಾಯ ಪಕ್ಕದ ಮನೆಯವರು ಒಣಗಲು ಹಾಕಿದ್ದ ಕೋಟಿಗೆ ಕೈಯೆತ್ತಿ, "ಏನಪ್ಪಾ, ಚೆನ್ನಾಗಿದ್ದೀಯಾ?" ಎಂದು ಕೇಳಿದ. ಕೋಟು ಉತ್ತರ ಕೊಡಲಿಲ್ಲ. ಒಳಗೆ ಬಂದು, "ಈ ಊರಿನ ಜನಕ್ಕೆ ಮರ್ಯಾದೆ ಅನ್ನೋದು ಸತ್ತೇಹೋಯ್ತು" ಎಂದು ಗೊಣಗಿಕೊಂಡು ಕೂತ. ನನ್ನ ಗಂಡನ ಕಣ್ಣು ಈಗ ಈ ಮಟ್ಟಕ್ಕೆ ಬಂದಿದೆ. ಎರಡಕ್ಕೂ ಪೊರೆ. ದಕ್ಷಿಣದ ದೊಡ್ಡಾಸ್ಪತ್ರೆಯವರು ಪೊರೆ ತೆಗೆಯಲು ದಿನ ಕೊಟ್ಟಿರುವುದು ಹೆಬ್ಬಾತುಗಳು ವಾಪಸ್ಸು ಬರುವ ವಸಂತಕ್ಕೆ. ಅಲ್ಲಿಯವರೆಗೆ ಒಲೆಯ ಪಕ್ಕ ಕೂತು ಟೀ ಕುಡಿದುಕೊಂಡಿರು ಎಂದರೆ ಕೇಳುವ ಪ್ರಾಣಿಯೇ ಅದು?

ಮಧ್ಯಾಹ್ನ ರೊಟ್ಟಿ ಮುರಿಯುತ್ತಾ ಹೇಳಿದ: "ನವೆಂಬರ್ ಕೊನೆಗೆ ಉದ್ದಕೆರೆ ಬಿಡಾರಕ್ಕೆ ಹೋಗ್ತೀನಿ."

"ಯಾರ ಜೊತೆ?"

"ಸಿಡ್ನಿಗೆ ಶಾಲೆ ಬಸ್ಸಿನ ಕೆಲಸ ಸಿಕ್ಕಿದೆಯಲ್ಲ. ಬಿಟ್ಟು ಬರ್ತಾನಂತೆ. ನಾನೊಬ್ಬನೇ ಇರ್ತೀನಿ."

"ಕೋಟಿಗೂ ಮನುಷ್ಯನಿಗೂ ವ್ಯತ್ಯಾಸ ತಿಳೀದವನು ಕಾಡಲ್ಲಿ ಒಬ್ಬನೇ ಇರ್ತೀಯಾ? ಮೂಸ್ ಜಿಂಕೆ ಅಂತ ತಿಳ್ಕೊಂಡು ಮರಕ್ಕೆ ಗುಂಡು ಹೊಡೀತೀಯ."

"ಮರ ಓಡಿಹೋಗಲ್ಲ. ಗುರಿ ತಪ್ಪಲ್ಲ."

ಇವನ ಜೊತೆ ವಾದ ಮಾಡುವುದೂ ಒಂದೇ, ಒಲೆಗೆ ಬುದ್ಧಿ ಹೇಳುವುದೂ ಒಂದೇ. ಸಂಜೆ ಅಕ್ಕ ಡೈನಾ ಬಂದಳು. ಸಿಡ್ನಿ ಅವಳ ಮಗ. ಎಲ್ಲ ಕೇಳಿಸಿಕೊಂಡು, "ಮಿನ್ನೀ, ಅಷ್ಟು ಭಯ ಇದ್ರೆ ನೀನೂ ಜೊತೆಗೆ ಹೋಗೇ" ಎಂದಳು. ಅವಳ ಬಾಯಿಂದ ಆ ಮಾತು ಬರಬಾರದಿತ್ತು. ಉದ್ದಕೆರೆ ನನ್ನ ಕ್ಲಿಫರ್ಡ್‌ನನ್ನು ನುಂಗಿದ ಕೆರೆ. ಡಿಸೆಂಬರ್ ಮೊದಲ ವಾರ, ಸೆಳೆತ ಇರುವ ಕಡೆ ಮಂಜುಗಡ್ಡೆ ತೆಳ್ಳಗಿತ್ತು. ಹಿಮದ ಮೇಲೆ ಓಡಿಸುವ ಸ್ಕಿಡೂ ಬಂಡಿ ಸಿಕ್ಕಿತು, ನನ್ನ ಮಗ ಸಿಗಲಿಲ್ಲ. ಇನ್ನು ಈ ನದಿ ದಾಟಿ ಕಾಡಿನ ಕಡೆ ಕಾಲಿಡುವುದಿಲ್ಲ ಎಂದು ಚರ್ಚಿನಲ್ಲಿ ಎಲ್ಲರ ಎದುರು ಹೇಳಿದ್ದೇನೆ, ಇಟ್ಟೂ ಇಲ್ಲ. ನಾನು ಹೇಳಿದ ಮಾತಿಗೆ ತಪ್ಪುವವಳಲ್ಲ. ಹೆತ್ತ ಮಗನನ್ನು ನುಂಗಿದ ಕೆರೆಯ ದಡದಲ್ಲಿ ಪ್ರತಿ ವರ್ಷ ಹೋಗಿ ಕೂರಲು ಇವನಿಗಾದರೂ ಮನಸ್ಸು ಹೇಗೆ ಬರುತ್ತದೋ! ಅದೊಂದಕ್ಕೆ ನಾನು ಇವನನ್ನು ಕ್ಷಮಿಸಿಲ್ಲ.

ಹೋಗಲಿ. ಹೋಗಿಯೇ ಹೋಗುತ್ತಾನೆ ಎಂದಾದರೆ, ಜೀವ ಉಳಿಸಿಕೊಂಡು ಬರುವ ಹಾಗೆ ನಾನು ಕಳಿಸುತ್ತೇನೆ. ಬಂದೂಕಿಗೆ ಕಣ್ಣು ಬೇಕು. ಉರುಳಿಗೆ ಬೆರಳು ಸಾಕು. ದಾರಿ ತಪ್ಪಿದರೂ ಮೊಲ ಹಿಡಿದು ತಿಂದುಕೊಂಡಿರಲು ಏನೇನು ಬೇಕೋ ಅಷ್ಟನ್ನೂ ಒಂದು ಡಬ್ಬಿಯಲ್ಲಿ ತುಂಬಿ ಇವನ ಕೋಟಿನ ಒಳಜೇಬಿಗೆ ಹಾಕುತ್ತೇನೆ. ಉರುಳು ಹಾಕುವುದರಲ್ಲಿ ಈ ಊರಲ್ಲಿ ನನ್ನನ್ನು ಮೀರಿಸಿದವರು ಯಾರಿದ್ದಾರೆ?

ಅಕ್ಟೋಬರ್ 23

ಡಬ್ಬಿ ಸಿಕ್ಕಿತು. ಅಪ್ಪನ ಕಾಲದ ಚಪ್ಪಟೆ ತಂಬಾಕಿನ ಡಬ್ಬಿ, ಅಂಗೈಯಷ್ಟು. ಮುಚ್ಚಳ ಈಗಲೂ ಗಟ್ಟಿಯಾಗಿ ಕೂರುತ್ತದೆ.

ಅಂಗಡಿಯಿಂದ ತಂದ ಹಿತ್ತಾಳೆ ತಂತಿ ಹೊಸ ಮದುಮಗಳ ಬಳೆಯ ಹಾಗೆ ಹೊಳೆಯುತ್ತಿತ್ತು. ಅದನ್ನು ಹಾಗೇ ಹಾಕಿದರೆ ಮೊಲ ನೋಡಿ ನಕ್ಕು ಪಕ್ಕದಲ್ಲಿ ಹೋಗುತ್ತದೆ. ಸ್ಪ್ರೂಸ್ ಮರದ ಸೊಪ್ಪಿನ ಜೊತೆ ದೊಡ್ಡ ಪಾತ್ರೆಯಲ್ಲಿ ಹಾಕಿ ಕುದಿಸಿದೆ. ಹೊಳಪೂ ಹೋಯಿತು, ಅಂಗಡಿಯವನ ಕೈ ವಾಸನೆಯೂ ಹೋಯಿತು. ಆಮೇಲೆ ಕುಣಿಕೆಗಳನ್ನು ನಾನೇ ಸುತ್ತಿ, ಡೊಂಕಾಗದ ಹಾಗೆ ರಟ್ಟಿನ ತುಂಡಿಗೆ ಒಂದರ ಮೇಲೊಂದು ಕೂರಿಸಿದೆ. ಕಣ್ಣು ಕಾಣದವನು ಹಿಮದಲ್ಲಿ ಕೂತು ಕುಣಿಕೆ ಸುತ್ತುವುದು ಆಗದ ಮಾತು.

ನಾನು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಜೋಸಾಯ ಡಬ್ಬಿಯೊಳಗೆ ಎರಡು ತೋಟಾ ಹಾಕಿಟ್ಟಿದ್ದ.

"ಇದೇನಿದು?"

"ಮೂಸ್ ಎದುರಿಗೆ ಬಂದ್ರೆ?"

"ಬಂದ್ರೆ ನಮಸ್ಕಾರ ಹೇಳು. ಕೋಟಿಗೆ ಹೇಳ್ದೆಯಲ್ಲ, ಹಾಗೆ."

ತೋಟಾ ತೆಗೆದೆ. ಆ ಜಾಗಕ್ಕೆ ಕರಡಿ ಕೊಬ್ಬು ಕಾಯಿಸಿ ಗಟ್ಟಿ ಬಿಲ್ಲೆ ಮಾಡಿ ಹಾಕಿದೆ. ಇದು ಗಂಡಸರಿಗೆ ತಿಳಿಯುವುದಿಲ್ಲ. ಮೊಲದ ಮಾಂಸದಲ್ಲಿ ಕೊಬ್ಬಿಲ್ಲ. ಬರೀ ಮೊಲವನ್ನೇ ತಿಂದುಕೊಂಡಿದ್ದರೆ ಹೊಟ್ಟೆಯೇನೋ ತುಂಬಿರುತ್ತದೆ, ಮನುಷ್ಯ ಮಾತ್ರ ದಿನದಿನಕ್ಕೆ ಸೊರಗಿ ಹೋಗುತ್ತಾನೆ. ನನ್ನ ದೊಡ್ಡಪ್ಪ ಹಾಗೇ ಹೋದದ್ದು, ಪಕ್ಕದಲ್ಲಿ ಮೊಲದ ಮೂಳೆ ರಾಶಿ ಬಿದ್ದಿತ್ತಂತೆ. ಮೇಣದಲ್ಲಿ ಅದ್ದಿದ ಬೆಂಕಿಕಡ್ಡಿ, ಮೋಟು ಮೇಣದಬತ್ತಿ, ಬೆಂಕಿ ಹೊತ್ತಿಸಲು ಬರ್ಚ್ ಮರದ ತೊಗಟೆಯ ಸುರುಳಿ, ಸಣ್ಣ ಚಾಕು, ಗಟ್ಟಿ ದಾರ, ಒಂದು ಚಿಟಿಕೆ ಉಪ್ಪು. ಮುಚ್ಚಳ ಮುಚ್ಚಿತು. ಅಲ್ಲಾಡಿಸಿದರೆ ಸದ್ದಿಲ್ಲ. ಭೇಷ್ ಎಂದು ನನಗೆ ನಾನೇ ಹೇಳಿಕೊಂಡೆ.

ಅಕ್ಟೋಬರ್ 28

ಊರಿನ ಎಫ್‌ಎಂನವರು ವಾರಕ್ಕೊಮ್ಮೆ ವಯಸ್ಸಾದವರನ್ನು ಕರೆದು ಮಾತಾಡಿಸುತ್ತಾರೆ. ಇವತ್ತು ನನ್ನ ಸರದಿ. ಡಬ್ಬಿಯನ್ನು ತೆಗೆದುಕೊಂಡೇ ಹೋದೆ. ರೇಡಿಯೊದಲ್ಲಿ ಯಾರಿಗೂ ಕಾಣುವುದಿಲ್ಲ ಎನ್ನುವುದು ಅಲ್ಲಿ ಹೋದ ಮೇಲೆ ಹೊಳೆಯಿತು. ಇರಲಿ, ಬಾಯಲ್ಲಿ ವರ್ಣಿಸಿದೆ.

ಮಾತಾಡಿಸುವ ಹುಡುಗಿ, "ಕೂಕುಮ್, ಈ ಡಬ್ಬಿ ನಿಜವಾಗಿ ಕೆಲಸ ಮಾಡುತ್ತಾ?" ಎಂದು ಕೇಳಿದಳು. ಅಜ್ಜಿಯರನ್ನೆಲ್ಲ ಕೂಕುಮ್ ಎಂದೇ ಕರೆಯುವುದು ನಮ್ಮಲ್ಲಿ.

"ಮಾಡುತ್ತಾ ಅಂತ ಕೇಳ್ತೀಯಾ? ಈ ಡಬ್ಬಿ ಜೇಬಲ್ಲಿದ್ರೆ ಕುರುಡನ ಪಾತ್ರೇಲೂ ಮೊಲ ಬೇಯುತ್ತೆ ಮಗಾ! ಮಿನ್ನಿ ಕಟ್ಟಿದ ಕುಣಿಕೆಯಿಂದ ತಪ್ಪಿಸ್ಕೊಂಡ ಮೊಲ ಈ ಸೀಮೇಲಿ ಇನ್ನೂ ಹುಟ್ಟಿಲ್ಲ. ಬರೋ ವಾರ ಬಾ, ನಿನಗೂ ಒಂದು ಬಟ್ಟಲು ಸಾರು ಕೊಡ್ತೀನಿ."

ಹುಡುಗಿ ಬಿದ್ದು ಬಿದ್ದು ನಕ್ಕಳು. ದಾರಿಯಲ್ಲಿ ಸಿಕ್ಕವರೆಲ್ಲ ಕೈ ಕುಲುಕಿದರು. ಡೈನಾ ಮಾತ್ರ ಮುಖ ಊದಿಸಿಕೊಂಡಿದ್ದಳು. ಅವಳನ್ನು ಇನ್ನೂ ಯಾರೂ ಎಫ್‌ಎಂನಿಂದ ಕರೆದಿಲ್ಲ.

ನವೆಂಬರ್ 1

ಪಾಠ ಶುರು. ಅಡುಗೆಮನೆಯ ಕುರ್ಚಿ ಕಾಲುಗಳೇ ಮರ, ನೆಲವೇ ಹಿಮ.

"ಕಣ್ಣು ಮುಚ್ಚು" ಎಂದೆ.

"ಮುಚ್ಚಿದ್ರೂ ಒಂದೇ, ಬಿಟ್ರೂ ಒಂದೇ. ಮುಂದಕ್ಕೆ ಹೇಳು."

"ಕುಣಿಕೆಯೊಳಗೆ ನಿನ್ನ ಮುಷ್ಟಿ ಹೋಗಬೇಕು. ಅದಕ್ಕಿಂತ ದೊಡ್ಡದಾದ್ರೆ ಮೊಲ ಒಳಗಿಂದ ತೂರಿ ಹೋಗುತ್ತೆ. ನೆಲಕ್ಕೂ ಕುಣಿಕೆಗೂ ನಡುವೆ ನಾಲ್ಕು ಬೆರಳು. ಎರಡೂ ಕಡೆ ಕಡ್ಡಿ ನೆಟ್ಟು ಬೇಲಿ. ಮೊಲಕ್ಕೆ ಬೇರೆ ದಾರಿ ಇರಬಾರದು."

"ಹೆಂಡತಿ ಮಾಡೋ ಕೆಲಸ ಇದೇ ಅಲ್ವಾ?"

ಇವನ ಕೈ ಮೂಸ್ ಸೀಳಿದ ಕೈ. ತಂತಿ ಹಿಡಿದರೆ ಸೌದೆ ಹಿಡಿದ ಹಾಗೆ. ಉರುಳು ಹಾಕುವುದು ಹೆಂಗಸರ, ಮಕ್ಕಳ ಕೆಲಸ ಎಂದು ಜೀವಮಾನವಿಡೀ ಮೂಗು ಮುರಿದವನು ಇವನು. ಮೂರು ಸಲ ತಂತಿಯ ಎರಡು ತುದಿಯನ್ನೂ ಅದಲುಬದಲು ಮಾಡಿದ. ನಾಲ್ಕನೇ ಸಲ ತಂತಿಯನ್ನು ಒಗೆದು, "ನನ್ನ ಕೈಲಾಗಲ್ಲ ಬಿಡೇ ಮುದುಕಿ" ಎಂದ. ಇವನ ಬಾಯಲ್ಲಿ ಆ ಮಾತು ಕೇಳಿ ನನಗೇ ಒಂಥರಾ ಆಯಿತು. ಒಳಗೆ ಹೋಗಿ ಮೂಸ್ ತೊಗಲಿನ ಸಣ್ಣ ಪಟ್ಟಿಗಳನ್ನು ಕತ್ತರಿಸಿ ತಂದು, ಮರಕ್ಕೆ ಕಟ್ಟುವ ತುದಿಗೆಲ್ಲ ಒಂದೊಂದು ಗಂಟು ಹಾಕಿದೆ. "ಮೆತ್ತಗಿರೋ ಕಡೆ ಮರಕ್ಕೆ, ತಣ್ಣಗಿರೋ ಕಡೆ ಮೊಲಕ್ಕೆ" ಎಂದೆ. ಮತ್ತೆ ತಪ್ಪಲಿಲ್ಲ.

ಆ ಹೊತ್ತಿಗೆ ಡೈನಾ ಬಾಗಿಲು ತಳ್ಳಿಕೊಂಡು ಬಂದು ನೇರವಾಗಿ ಕುರ್ಚಿ ಸಂದಿಯಲ್ಲಿ ಕಾಲಿಟ್ಟಳು. ಕುಣಿಕೆ ಬಿಗಿಯಿತು. ಕುರ್ಚಿಯನ್ನು ಎಳೆದುಕೊಂಡೇ ಎರಡು ಹೆಜ್ಜೆ ಹೋದಳು.

ಜೋಸಾಯ ಬಗ್ಗಿ ಅವಳ ಪಾದ ಮುಟ್ಟಿ ನೋಡಿ, "ಮೊದಲನೇ ಬೇಟೆ ಅತ್ತಿಗೆ. ತುಪ್ಪಳ ಕಮ್ಮಿ. ಸಾರಿಗೇನೋ ಆಗುತ್ತೆ" ಎಂದ.

ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡಿತು. ಈ ಅಡುಗೆಮನೆಯಲ್ಲಿ ಇಷ್ಟು ಗಟ್ಟಿಯಾಗಿ ನಕ್ಕು ಬಹಳ ಕಾಲವಾಗಿತ್ತು.

ನವೆಂಬರ್ 5

ಹಿಮ ಚೆನ್ನಾಗಿ ಬಿದ್ದಿದೆ. ಚರ್ಚಿನ ಹಿಂದಿನ ಪೊದೆಗಳಲ್ಲಿ ಜೋಸಾಯನ ಕೈಯಿಂದಲೇ ಉರುಳು ಹಾಕಿಸಿದೆ. ಒಂದೊಂದನ್ನೂ ನಾನು ಬೆರಳಿಟ್ಟು ಅಳೆದೆ. ನನ್ನ ಅಮ್ಮ ಹಾಕಿದ್ದರೂ ಇದಕ್ಕಿಂತ ಚೆನ್ನಾಗಿ ಹಾಕುತ್ತಿರಲಿಲ್ಲ. ನಾಳೆ ಮೊಲದ ಸಾರು.

ನವೆಂಬರ್ 6

ಖಾಲಿ. ಪಾದ್ರಿಯ ನಾಯಿ ಅಲ್ಲೆಲ್ಲ ತಿರುಗಾಡಿದೆ. ನಾಯಿ ಇದ್ದ ಕಡೆ ಮೊಲ ಬರುತ್ತದೆಯೇ? ತಪ್ಪು ಜಾಗದ್ದು, ಡಬ್ಬಿಯದಲ್ಲ.

ನವೆಂಬರ್ 9

ಕಸದ ಗುಂಡಿಯ ದಾರಿಯಲ್ಲಿ ಹಾಕಿದೆವು. ಖಾಲಿ. ಸ್ಕಿಡೂ ಗಲಾಟೆ. ಮೊಲದ ಹೆಜ್ಜೆ ಉರುಳಿನವರೆಗೆ ಬಂದು, ನಿಂತು, ತಿರುಗಿ ಹೋಗಿತ್ತು. ಕುಣಿಕೆ ಸರಿಯಾಗಿಯೇ ಇತ್ತು.

ಎಫ್‌ಎಂ ಹುಡುಗಿ ಅಂಗಡಿಯಲ್ಲಿ ಸಿಕ್ಕಿ, "ಕೂಕುಮ್, ನನ್ನ ಸಾರು?" ಎಂದಳು. ಕುದೀತಾ ಇದೆ ಎಂದೆ.

ನವೆಂಬರ್ 11

ಡೈನಾ ಇವತ್ತು ಬಾಯಿ ಬಿಟ್ಟಳು.

"ನಿನ್ನ ಬಾಯೇ ನಿನಗೆ ಅಡ್ಡ ಬಂದಿರೋದು ಮಿನ್ನೀ. ರೇಡಿಯೊದಲ್ಲಿ ಏನಂದೆ? ತಪ್ಪಿಸ್ಕೊಂಡ ಮೊಲ ಹುಟ್ಟೇ ಇಲ್ಲ ಅಂದೆ. ಪ್ರಾಣಿ ತಾನಾಗಿ ಬಂದು ಕೊರಳು ಕೊಡಬೇಕು, ನಾವು ಹಿಡೀತೀವಿ ಅಂತ ಜಂಬ ಕೊಚ್ಚಬಾರದು ಅಂತ ಊರ ಮಕ್ಕಳಿಗೆಲ್ಲ ಕಿವಿ ಹಿಂಡಿ ಕಲಿಸಿದವಳು ನೀನೇ ಅಲ್ವಾ? ಅದೂ ಸುಮ್ಮನೆ ಮನೇಲಿ ಅಂದಿದ್ರೆ ಹೋಗ್ಲಿ. ಈ ಕೊಲ್ಲಿ ದಡದ ಊರಿಗೆಲ್ಲ ಕೇಳೋ ಹಾಗೆ!"

"ಮೊಲಗಳು ಎಫ್‌ಎಂ ಕೇಳ್ತಾವಾ?"

"ನಿನ್ನ ಗಲಾಟೆ ಎಲ್ಲಿಯವರೆಗೆ ಕೇಳುತ್ತೆ ಅಂತ ನಿನಗೇ ಗೊತ್ತಿಲ್ಲ."

ಹೊಟ್ಟೆಕಿಚ್ಚು. ಊರ ಹತ್ತಿರದ ಮೊಲಗಳೇ ಕಿಲಾಡಿಗಳು, ಅಷ್ಟೆ. ಕಾಡಿನ ಮೊಲ ಬೇಕು. ಆದರೆ ಕಾಡು ನದಿಯಾಚೆ.

ನವೆಂಬರ್ 15

ನದಿ ಗಟ್ಟಿಯಾಗಿದೆ, ನಿನ್ನೆಯಿಂದ ಸ್ಕಿಡೂಗಳು ಓಡಾಡುತ್ತಿವೆ. ನದಿ ನಡುವೆ ಒಂದು ದ್ವೀಪವಿದೆ, ತುಂಬ ವಿಲೋ ಪೊದೆ. ಯೋಚಿಸಿ ನೋಡಿದೆ. ದ್ವೀಪ ನದಿಯ ಆಚೆಗಿಲ್ಲ, ಈಚೆಗೂ ಇಲ್ಲ. ಅಲ್ಲಿಗೆ ಹೋದರೆ ನದಿ ದಾಟಿದ ಹಾಗೆ ಆಗುವುದಿಲ್ಲ. ಜೋಸಾಯನನ್ನು ಕೇಳಿದೆ.

"ನೀನು ಹೇಳಿದ ಮೇಲೆ ಸರಿ" ಎಂದ. ಇಷ್ಟು ಬೇಗ ಅವನು ಒಪ್ಪಿದ್ದು ಮದುವೆಯಾದ ಮೇಲೆ ಇದೇ ಮೊದಲು.

ನಾನು ಮುಂದೆ, ಅವನು ನನ್ನ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಹಿಂದೆ. ನಡುನದಿಯಲ್ಲಿ ಮಂಜುಗಡ್ಡೆ ಒಮ್ಮೆ ಗುಡುಗಿತು. ಮಂಜು ಗಟ್ಟಿಯಾಗುವಾಗ ಹಾಗೇ ಸದ್ದು ಮಾಡುತ್ತದೆ, ನನಗೇನು ಗೊತ್ತಿಲ್ಲವೇ? ಆದರೂ ನಿಂತುಬಿಟ್ಟೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಜೋಸಾಯ ಪಕ್ಕಕ್ಕೆ ಬಂದು ತೋಳು ಹಿಡಿದುಕೊಂಡು, "ನಿಧಾನಕ್ಕೆ ನಡಿ, ನನಗೆ ಕಣ್ಣು ಕಾಣಲ್ಲ" ಎಂದ. ಹೌದಲ್ಲ, ಅವನಿಗೋಸ್ಕರ ನಡೆಯಬೇಕಲ್ಲ ಎಂದು ನಡೆದೆ.

ಉರುಳು ಹಾಕಿ ಬಂದೆವು. ಈ ಸಲ ಒಂದು ಮೊಲವನ್ನೂ ನಾನು ಮೊದಲೇ ಲೆಕ್ಕ ಹಾಕಿಕೊಂಡಿಲ್ಲ.

ನವೆಂಬರ್ 16

ದ್ವೀಪದಲ್ಲಿ ಒಂದು ಉರುಳು ಎಳೆದಿತ್ತು, ಒಂದಿಷ್ಟು ತುಪ್ಪಳ ಅಂಟಿತ್ತು. ಬಂದು, ಮನಸ್ಸು ಬದಲಾಯಿಸಿ ಹೋಗಿದೆ. ಹೋಗಲಿ, ಅದರ ಇಷ್ಟ.

ಜಾಡು ಆಚೆ ದಡದ ಕಡೆ ಹೋಗಿದೆ.

ನವೆಂಬರ್ 18

ದಾಟಿದೆ. ಡಬ್ಬಿಯ ಕೆಲಸ ಅರ್ಧಕ್ಕೆ ಬಿಡುವಂತಿಲ್ಲ.

ನವೆಂಬರ್ 19

ಒಂದು ಸಿಕ್ಕಿತು. ಜೋಸಾಯನೇ ಬೆರಳಲ್ಲಿ ತಡವಿ ಹಾಕಿದ ಉರುಳು. ಅದನ್ನು ಬಿಡಿಸಿಕೊಂಡು ಅದರ ಕಿವಿಯನ್ನು ಒಮ್ಮೆ ಸವರಿದ.

ಮೊದಲನೆಯದು ನಮ್ಮದಲ್ಲ. ಊರಿಗೆಲ್ಲ ಹಿರಿಯಳಾದ ಜೂಲಿಯೆಟ್ ಕೂಕುಮ್‌ಗೆ ಬೇಯಿಸಿ ಕೊಟ್ಟೆ. ಅವಳು ಹಲ್ಲಿಲ್ಲದ ಬಾಯಲ್ಲಿ ಮೂಳೆ ಚೀಪಿ, ಒಂದೂ ಬಿಡದೆ ಬಟ್ಟೆಯಲ್ಲಿ ಕಟ್ಟಿ ವಾಪಸ್ಸು ಕೊಟ್ಟಳು. ಪ್ರಾಣಿಗೆ ಅವಮಾನವಾಗಬಾರದು ಎಂದು, ನಾಯಿ ಬಾಯಿಗೆ ಸಿಗದ ಹಾಗೆ ಸ್ಪ್ರೂಸ್ ಕೊಂಬೆಗೆ ಕಟ್ಟಿದೆ. ಎಫ್‌ಎಂ ಹುಡುಗಿ ದಾರಿಯಲ್ಲಿ ನಿಲ್ಲಿಸಿ ಕೇಳಿದಳು. "ಏನೋ, ಹೀಗೇ ನಡೀತಿದೆ" ಎಂದು ಹೇಳಿ ಬಂದೆ.

ನವೆಂಬರ್ 22

ಸುಟ್ಟಗುಡ್ಡದವರೆಗೆ ಹೋಗಿದ್ದೆವು. ಊರಿಂದ ಅರ್ಧ ದಿನದ ದಾರಿ. ಜಾಲರಿ ಮೆಟ್ಟು ಕಟ್ಟಿಕೊಂಡು ಹಿಮದ ಮೇಲೆ ಅಷ್ಟು ದೂರ ನಡೆದರೂ ಕಾಲು ನೋಯಲಿಲ್ಲ. ಗಾಳಿ ಇಲ್ಲದ ಕಡೆ ಬೆಂಕಿ ಹಾಕಿ ಟೀ ಕಾಯಿಸಿದೆವು. ಹಿಮದ ನೀರಿನ ಟೀ ರುಚಿಯೇ ಬೇರೆ, ನಲ್ಲಿ ನೀರಿಗೆ ಆ ರುಚಿ ಎಲ್ಲಿಂದ ಬರಬೇಕು? ಕೊಂಬೆಯಿಂದ ಒಂದು ಬೂದುಹಕ್ಕಿ ಇಳಿದು ನನ್ನ ರೊಟ್ಟಿಯನ್ನೇ ಕಿತ್ತುಕೊಂಡು ಹೋಯಿತು, ಕಳ್ಳ ಮುಂಡೇದು.

ಬರೀ ಡಬ್ಬಿ ಪರೀಕ್ಷೆಗೆ ಹೋಗಿದ್ದು. ನಾಳೆಯೂ ಹೋಗಬೇಕು, ದಾರ ಸಾಲುತ್ತದೋ ಇಲ್ಲವೋ ನೋಡಬೇಕು.

ನವೆಂಬರ್ 28

ಇವತ್ತು ಜೋಸಾಯ ಹೊರಟ. ಸಿಡ್ನಿ ಸ್ಕಿಡೂ ಹಿಂದೆ ಗಾಡಿ ಕಟ್ಟಿ, ಹಿಟ್ಟು, ಕೊಬ್ಬು, ಒಣಮೀನು, ಸೌದೆ ಕೊಡಲಿ ಎಲ್ಲ ಹೇರಿದ. ಡಬ್ಬಿಯನ್ನು ನಾನೇ ಒಳಜೇಬಿಗೆ ಹಾಕಿ ಜೇಬಿನ ಬಾಯಿ ಹೊಲಿದೇಬಿಟ್ಟೆ, ತೆಗೆಯಬೇಕಾದರೆ ದಾರ ಕಿತ್ತು ತೆಗೆಯಲಿ ಎಂದು.

"ಸಂಜೆ ಸಂಜೆ ಬಿಡಾರದ ರೇಡಿಯೊದಲ್ಲಿ ಊರಿಗೆ ಮಾತಾಡು. ಬಿಡಾರದಿಂದ ಕೂಗಳತೆ ದಾಟಬೇಡ. ಒಲೆ ಮುಚ್ಚಳ ಮುಚ್ಚದೆ ಮಲಗಬೇಡ."

"ಇನ್ನೂ ಏನಾದ್ರೂ ಇದ್ಯಾ, ಅಥವಾ ಉಳಿದದ್ದು ಕಾಗದ ಬರೀತೀಯಾ?"

ನದಿಯವರೆಗೆ, ಆಮೇಲೆ ಆಚೆ ದಡದವರೆಗೆ, ಆಮೇಲೆ ಸುಟ್ಟಗುಡ್ಡದವರೆಗೆ ಗಾಡಿಯಲ್ಲಿ ಕೂತು ಹೋದೆ. ಅಲ್ಲಿ ಇಳಿದೆ. ಅಲ್ಲಿಂದ ಮುಂದೆ ಉದ್ದಕೆರೆಯ ದಾರಿ. ಜೋಸಾಯ ನನ್ನ ಕಡೆ ಮುಖ ತಿರುಗಿಸಿ ಏನೋ ಕೇಳುವವನ ಹಾಗೆ ಕೂತಿದ್ದ. ಕೇಳಲಿಲ್ಲ. ಕೇಳಿದ್ದರೂ ಬರುವುದಿಲ್ಲ ಎಂದೇ ಹೇಳುತ್ತಿದ್ದೆ. ನಡೆದುಕೊಂಡು ವಾಪಸ್ಸು ಬಂದೆ.

ನವೆಂಬರ್ 30

ಎರಡು ಸಂಜೆಯೂ ಮಾತಾಡಿದ. ಎಲ್ಲ ಬಿಡಾರದವರಿಗೂ ಕೇಳುವ ರೇಡಿಯೊದಲ್ಲಿ, "ನನ್ನ ಮುದುಕಿಗೆ ಹೇಳಿ, ಒಲೆ ಮುಚ್ಚಳ ಮುಚ್ಚಿದ್ದೀನಿ" ಎಂದ. ಸುತ್ತಲಿನ ಬಿಡಾರದವರೆಲ್ಲ ನಕ್ಕರು.

ಮನೆ ತುಂಬ ಬಿಸಿಯಾಗಿದೆ. ಟಿವಿಯಲ್ಲಿ ನೋಡುವಂಥದ್ದು ಏನೂ ಇಲ್ಲ.

ಡಿಸೆಂಬರ್ 2

ನಿನ್ನೆ ಮಾತಿಲ್ಲ. ಇವತ್ತೂ ಇಲ್ಲ. ನಿನ್ನೆ ಮಧ್ಯಾಹ್ನದಿಂದ ಬಿರುಗಾಳಿ, ಎದುರು ಮನೆ ಕಾಣುತ್ತಿಲ್ಲ. ಗಾಳಿ ನಿಂತ ಮೇಲೆ ಹುಡುಕುವ ತಂಡ ಹೊರಡುತ್ತದಂತೆ, ಸಿಡ್ನಿ ಬಂದು ಹೇಳಿದ. "ರೇಡಿಯೊ ಬ್ಯಾಟರಿ ಹೋಗಿರುತ್ತೆ ಚಿಕ್ಕಮ್ಮ, ಗಾಬರಿ ಆಗ್ಬೇಡಿ."

ಗಾಬರಿ ಯಾರಿಗೆ? ಡಬ್ಬಿ ಇದೆ. ಕುಣಿಕೆ ಸರಿಯಿದೆ, ಕೊಬ್ಬು ಇದೆ, ಬೆಂಕಿ ಇದೆ. ಒಂದೊಂದನ್ನೂ ನಾನೇ ನೋಡಿ ಹಾಕಿದ್ದೇನೆ. ಆದರೆ ನಿನ್ನೆ ಯಾವ ದಿನ ಎನ್ನುವುದು ನನಗೆ ಗೊತ್ತು. ಆ ಕೆರೆ ನನ್ನಿಂದ ಇನ್ನೊಬ್ಬನನ್ನು ತೆಗೆದುಕೊಳ್ಳುವುದಿಲ್ಲ. ಒಬ್ಬನನ್ನು ಕೊಟ್ಟದ್ದು ಸಾಕು.

ಡಿಸೆಂಬರ್ 3, ಬೆಳಿಗ್ಗೆ

ಗಾಳಿ ಸ್ವಲ್ಪ ಇಳಿದಿದೆ. ತಂಡ ಇನ್ನೂ ಪೆಟ್ರೋಲು ತುಂಬಿಸುತ್ತಿದೆ. ಸಿಡ್ನಿಗೆ ಹೇಳಿದ್ದೇನೆ, ನೀನು ಕರೆದುಕೊಂಡು ಹೋಗದಿದ್ದರೆ ನಡೆದೇ ಹೋಗುತ್ತೇನೆ ಎಂದು. ಅವನು ನನ್ನ ಮುಖ ನೋಡಿ ಸ್ಕಿಡೂ ತೆಗೆದ.

ಡಿಸೆಂಬರ್ 4, ಉದ್ದಕೆರೆ ಬಿಡಾರ

ಜೋಸಾಯ ಬದುಕಿದ್ದಾನೆ. ಕಾಲಿನ ಎರಡು ಬೆರಳು ಕಪ್ಪಾಗಿವೆ, ಮಿಕ್ಕದ್ದೆಲ್ಲ ನೆಟ್ಟಗಿದೆ, ಬಾಯಿ ಸಮೇತ. ಈಗ ನನ್ನ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಹುಡುಕುವ ತಂಡಕ್ಕೆ ಸಿಡ್ನಿ ರೇಡಿಯೊದಲ್ಲಿ ಸುದ್ದಿ ಹೇಳಿದ, ಗಾಳಿ ಮತ್ತೆ ಎದ್ದದ್ದರಿಂದ ನಾವು ಇಲ್ಲೇ ಉಳಿದೆವು. ನಡೆದದ್ದನ್ನು ಬರೆದಿಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಿನ್ನೆ ನಾವು ಬಂದಾಗ ಬಿಡಾರ ಖಾಲಿಯಿತ್ತು. ಒಲೆ ತಣ್ಣಗಾಗಿತ್ತು. ಮುಚ್ಚಳ ಮುಚ್ಚಿತ್ತು. ಸಿಡ್ನಿ ಬಂದ ದಾರಿಯಲ್ಲೇ ಹುಡುಕೋಣ ಎಂದ, ಊರ ಕಡೆ ಹೊರಟಿರಬೇಕು ಎಂದ. ನಾನು ಸುತ್ತ ನೋಡಿದೆ. ದಡದಿಂದ ಕೆರೆಯ ಮೇಲೆ ಸಣ್ಣ ಸ್ಪ್ರೂಸ್ ಸಸಿಗಳನ್ನು ಕಡಿದು ಸಾಲಾಗಿ ನೆಟ್ಟಿದ್ದ, ಮಬ್ಬು ಕಣ್ಣಿಗೂ ಬಿಳಿಯ ಮೇಲೆ ಕಪ್ಪು ಕಾಣಲಿ ಎಂದು. ಸಾಲು ನೇರ ಕೆರೆಯ ನಡುವಿಗೆ ಹೋಗಿತ್ತು. ಕೊನೆಯ ಸಸಿಯ ಹತ್ತಿರ ಮಂಜಿನಲ್ಲಿ ಕೊರೆದ, ಮತ್ತೆ ಹೆಪ್ಪುಗಟ್ಟಿ ಮುಚ್ಚಿಕೊಂಡ ಒಂದು ತೂತು, ಪಕ್ಕದಲ್ಲಿ ಉಳಿ. ಅಲ್ಲಿಂದಾಚೆ ಏನೂ ಇಲ್ಲ, ಬರೀ ಬಿಳಿ.

ಸಿಡ್ನಿ ಹಿಂದಿನಿಂದ ಕೂಗುತ್ತಿದ್ದನಂತೆ. ಈಗ ಹೇಳುತ್ತಾನೆ: "ಚಿಕ್ಕಮ್ಮ, ನಿಲ್ಲಿ, ಮಂಜು ನೋಡ್ಕೊಂಡು ಹೋಗೋಣ ಅಂತ ಎಷ್ಟು ಕೂಗಿದೆ! ನೀವು ಓಡ್ತಾನೇ ಇದ್ರಿ." ನನಗೆ ಏನೂ ಕೇಳಿಸಲಿಲ್ಲ. ಬಿರುಗಾಳಿ ಬಿಡಾರದ ಕಡೆಯಿಂದ ಕೆರೆಯಾಚೆಗೆ ಬೀಸಿತ್ತು. ಕಣ್ಣು ಕಾಣದವನು ಗಾಳಿಗೆ ಮುಖ ಕೊಡುವುದಿಲ್ಲ, ಗಾಳಿ ತಳ್ಳಿದ ಕಡೆ ಹೋಗುತ್ತಾನೆ. ಆಚೆ ದಡ. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಆಚೆ ದಡದ ವಿಲೋ ಪೊದೆಯಲ್ಲಿ ಮೊದಲು ಕಂಡದ್ದು ಕಡ್ಡಿ ಬೇಲಿ. ನಡುವೆ ನನ್ನ ತಂತಿ. ನೆಲದಿಂದ ನಾಲ್ಕು ಬೆರಳು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಮರಕ್ಕೆ ಕಟ್ಟಿದ ಕಡೆ ತೊಗಲಿನ ಗಂಟು. ಹಿಮದ ಮೇಲೆ ಕುಕ್ಕರಿಸಿ ಕೂತು ಅತ್ತುಬಿಟ್ಟೆ, ನಾಚಿಕೆಯೇನಿಲ್ಲ. ಆಮೇಲೆ ಎರಡನೆಯ ಉರುಳು, ಅದರಲ್ಲಿ ಮೊಲ. ಆಮೇಲೆ ಹೊಗೆಯ ವಾಸನೆ.

ದೊಡ್ಡ ಸ್ಪ್ರೂಸ್ ಮರದ ಕೆಳಗೆ ಕೊಂಬೆ ಹಾಸಿಕೊಂಡು, ಬೆಂಕಿ ಮುಂದೆ ಕೂತಿದ್ದ. ಕಡ್ಡಿಗೆ ಚುಚ್ಚಿದ ಮೊಲದ ತೊಡೆಗೆ ಕರಡಿ ಕೊಬ್ಬು ಸವರುತ್ತಿದ್ದ.

"ಯಾರದು?" ಎಂದ.

"ನಿನ್ನ ಕೋಟು!"

ಅವನು ಎದ್ದು ನಿಲ್ಲಲು ಹೋಗಿ ಮತ್ತೆ ಕೂತ. "ಮಿನ್ನೀ? ನೀನು ಹೇಗೆ ಬಂದೆ ಇಲ್ಲಿಗೆ?"

"ಕಾಲಲ್ಲಿ. ದಾರಿ ತಪ್ಪಿದವನು ಒಂದೇ ಕಡೆ ಯಾಕೆ ಕೂತೆ? ಅಲೆದಾಡದೆ ಕೂರೋ ಜಾತಿ ಅಲ್ಲ ನೀನು."

"ಎದ್ದು ಹೋಗೋಣ ಅಂತ ಎಷ್ಟೋ ಸಲ ಅನ್ನಿಸ್ತು. ಆದ್ರೆ ಉರುಳು ಹಾಕಿಬಿಟ್ಟಿದ್ದೆನಲ್ಲ. ಹಾಕಿದ ಉರುಳನ್ನ ನೋಡದೆ ಹೋಗೋದು ಹೇಗೆ? ಪ್ರಾಣಿ ಬಂದು ಸುಮ್ಮನೆ ಸಾಯುತ್ತೆ. ಬೆಳಗಾಗಲಿ, ನೋಡಿ ಹೋಗೋಣ ಅಂತ ಕೂತೆ. ಬೆಳಿಗ್ಗೆ ಒಂದು ಸಿಕ್ತು. ಮತ್ತೆ ಹಾಕ್ದೆ. ಮತ್ತೆ ಕೂತೆ."

ಇದನ್ನು ನಾನು ಡಬ್ಬಿ ತುಂಬುವಾಗ ಯೋಚಿಸಿಯೇ ಇರಲಿಲ್ಲ. ಹೊಟ್ಟೆಗೆ ಎಂದು ಕೊಟ್ಟದ್ದು, ಕಾಲು ಕಟ್ಟಿ ಕೂರಿಸಿತು.

ಸಿಡ್ನಿ ಸ್ಕಿಡೂ ತರಲು ಹೋದ. ನನ್ನೊಳಗೆ ಭಯ ಇಳಿದು ಸಿಟ್ಟು ಏರಿತು. "ಕೂಗಳತೆ ದಾಟಬೇಡ ಅಂದಿದ್ದೆ. ನಡುಕೆರೆಗೆ ಯಾಕೆ ಹೋದೆ? ಏನಿತ್ತು ಅಲ್ಲಿ ನಿನಗೆ? ಈ ಕೆರೆಗೆ ಪ್ರತಿ ವರ್ಷ ಯಾಕೆ ಬಂದು ಸಾಯ್ತೀಯ?"

ಅವನು ತಡವಿ ಇನ್ನೊಂದು ಕೊಂಬೆಯನ್ನು ಬೆಂಕಿಗೆ ಹಾಕಿದ.

"ಟೀ ಕೊಡೋಕೆ" ಎಂದ.

"ಯಾರಿಗೆ?"

"ಅವನು ಹೋದ ದಿನ ಬಂದು ಮಂಜು ಕೊರೆದು ಒಂದು ಲೋಟ ಟೀ ಹುಯ್ತೀನಿ. ಸ್ವಲ್ಪ ಹೊತ್ತು ಕೂತು ಊರಿನ ಸುದ್ದಿ ಹೇಳ್ತೀನಿ. ನಿನ್ನ ಸುದ್ದಿ ಹೇಳ್ತೀನಿ. ಆವತ್ತೊಂದು ದಿನ ಅವನ ಹತ್ರ ಯಾರಾದ್ರೂ ಇರಬೇಕಲ್ಲ. ಈ ಸಲ ಕಣ್ಣಿಲ್ಲ ಅಂತ ಬಿಟ್ರೆ, ಅಪ್ಪ ಮರೆತ ಅಂದ್ಕೊಳ್ತಾನೆ." ಆಮೇಲೆ, ನಾನು ಬೈಯುತ್ತೇನೆ ಎಂದು ಹೆದರಿದವನ ಹಾಗೆ ಮೆಲ್ಲಗೆ ಹೇಳಿದ: "ಚೆನ್ನಾಗೇ ಮಾಡ್ಕೊಡ್ತೀನಿ ಕಣೇ. ಎರಡು ಚಮಚ ಸಕ್ಕರೆ ಹಾಕಿ."

ನನ್ನ ಬಾಯಿಂದ ಏನು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

"ಮೂರು" ಎಂದೆ. "ಇಷ್ಟು ವರ್ಷ ಎರಡೇ ಹಾಕಿ ಕೊಟ್ಯಾ? ಕ್ಲಿಫರ್ಡ್ ಮೂರು ಚಮಚ ಹಾಕ್ಕೊಳ್ತಿದ್ದ ಕಣೋ. ನೀನು ಬೇಟೆಗೆ ಹೋಗಿರ್ತಿದ್ದೆ, ನಿನಗೇನು ಗೊತ್ತು? ನಾನು ಮಾಡಿಕೊಡ್ತಿದ್ದವಳು."

ಡಿಸೆಂಬರ್ 5

ಬೆಳಿಗ್ಗೆ ಹಿಮ ಕರಗಿಸಿ ಟೀ ಕಾಯಿಸಿದೆ. ಮೂರು ಚಮಚ ಹಾಕಿದೆ. ನಾನೇ ತೆಗೆದುಕೊಂಡು ಹೋದೆ. ಜೋಸಾಯನ ಕಾಲಿಗೆ ಬಟ್ಟೆ ಸುತ್ತಿ ಸ್ಕಿಡೂ ಗಾಡಿಯಲ್ಲಿ ಕೂರಿಸಿಕೊಂಡು ಸಿಡ್ನಿ ಹಿಂದೆ ಬಂದ. ಹೇಳುವುದು ಬಹಳ ಇತ್ತು. ಟೀ ಲೋಟದಲ್ಲೇ ಆರಿಹೋಯಿತು, ಬೈದುಕೊಂಡು ಹೋಗಿ ಇನ್ನೊಂದು ಲೋಟ ಬಿಸಿ ಮಾಡಿ ತಂದೆ. ಆರಿದ ಟೀ ಅವನು ಮುಟ್ಟುತ್ತಿರಲಿಲ್ಲ.

ಸಿಡ್ನಿ ಜೋಸಾಯನನ್ನು ಇವತ್ತೇ ಊರಿಗೆ ಕರೆದೊಯ್ದು ಡಾಕ್ಟರಿಗೆ ಬೆರಳು ತೋರಿಸಿಕೊಂಡು ಬರಲಿ. ಬರುವಾಗ ನನ್ನ ದಪ್ಪ ಕಂಬಳಿ, ಹಿಟ್ಟು, ಇನ್ನೊಂದು ಸುರುಳಿ ತಂತಿ, ಹೆಚ್ಚಿಗೆ ಸಕ್ಕರೆ ತರಬೇಕು. "ನೀವು ಬರಲ್ವಾ ಚಿಕ್ಕಮ್ಮ?" ಎಂದು ಕೇಳುತ್ತಾನೆ, ಪೆದ್ದ. ನಾನು ಹೋದರೆ ಒಲೆ ನೋಡಿಕೊಳ್ಳುವವರು ಯಾರು?